ಒದ್ದೆ ಬಟ್ಟೆಯಲ್ಲಿ ಕ್ರೀಮ್ ಬನ್ನು

ಕಾಪಾಡಿ ಇಡುವುದರಲ್ಲಿ ನಾನು ಗಟ್ಟಿಗಿತ್ತಿ ಎಂದೇ ನಮ್ಮ ಓಣಿಯಲ್ಲಿ ಹೆಸರು. ಹುಣಸೆಹಣ್ಣನ್ನು ವರ್ಷಗಟ್ಟಲೆ ಇಡಬಲ್ಲೆ, ಶೇಂಗಾ ಚಟ್ನಿಪುಡಿಗೆ ಹುಳ ಬೀಳಗೊಡುವುದಿಲ್ಲ, ಗಂಡನ ಮೇಲಿನ ಸಿಟ್ಟನ್ನಂತೂ ದೀಪಾವಳಿಯಿಂದ ಯುಗಾದಿಯವರೆಗೆ ಆರದಂತೆ ಇಟ್ಟುಕೊಂಡವಳು. ಆದರೆ ಕ್ರೀಮ್ ಬನ್ನನ್ನು ಒಂದು ದಿನ ಕಾಯುವುದು ಮಾತ್ರ ನನ್ನಿಂದಾಗಲಿಲ್ಲ.

ಇದಕ್ಕೆಲ್ಲ ಮೂಲ ಹರಪನಹಳ್ಳಿಯಲ್ಲಿರುವ ನನ್ನ ಅಕ್ಕ. ನಿಮ್ಮ ಹಡಗಲಿಯಲ್ಲಿ ಮಲ್ಲಿಗೆ ಬಿಟ್ಟರೆ ಬಾಯಿಗೆ ಹಾಕುವಂಥದ್ದು ಏನಿದೆ ಎಂದು ಬಂದಾಗಲೆಲ್ಲ ಅಣಕಿಸುತ್ತಾಳೆ. ಈ ಸಲ ಅವಳ ಬಾಯಿ ಮುಚ್ಚಿಸಲೇಬೇಕೆಂದು ನಮ್ಮೂರ ಹೊಸ ಬೇಕರಿಯ ಕ್ರೀಮ್ ಬನ್ನು ತಂದೆ. ಅವಳು ಬರುವುದು ಸೋಮವಾರ, ಬೇಕರಿಗೆ ಅಂದೇ ರಜೆ, ಹಾಗಾಗಿ ಭಾನುವಾರವೇ ತರಬೇಕಾಯಿತು. ಫ್ರಿಜ್ಜಿನಲ್ಲೇ ಇಡಿ, ಮುಚ್ಚಳ ಬಿಗಿ ಮಾಡಿ, ಬೇರೆ ವಾಸನೆ ಸೋಕಬಾರದು, ನೀರಿನ ಪಸೆ ತಾಕಬಾರದು ಎಂದು ಬೇಕರಿಯವರು ಬಾಣಂತಿಗೆ ಪಥ್ಯ ಹೇಳಿದಂತೆ ಹೇಳಿ ಕಳಿಸಿದ್ದರು. ಹಾಗೇ ಇಟ್ಟು, ಹಿಂದಿನ ಬೀದಿಯ ಸೀಮಂತಕ್ಕೆ ಹೋದೆ. ನಾನು ಹೋದದ್ದೇ ತಡ, ಕರೆಂಟೂ ಹೋಯಿತು.

ಮನೆಯಲ್ಲಿದ್ದವರು ನಮ್ಮತ್ತೆ. ನಮ್ಮದು ಹೂವಿನ ವ್ಯಾಪಾರ. ಬಿಡಿಸಿ ತಂದ ಮೊಗ್ಗನ್ನು ಮಾರುವತನಕ ಅರಳಗೊಡದೆ, ಬಾಡಗೊಡದೆ ಕಾಯುವುದು ಅತ್ತೆಯ ಜೀವಮಾನದ ಕಸುಬು. ಕರೆಂಟಿಲ್ಲದ ಫ್ರಿಜ್ಜು ಅವರ ಲೆಕ್ಕದಲ್ಲಿ ಬರೀ ಕಪಾಟು. ನಾನು ತಿರುಗಿ ಬಂದು ನೋಡಿದರೆ ಡಬ್ಬಿ ಖಾಲಿ! ಬನ್ನುಗಳೆಲ್ಲ ಒದ್ದೆ ಬಟ್ಟೆ ಸುತ್ತಿಕೊಂಡು, ಮೊಗ್ಗಿನ ಬುಟ್ಟಿಯಲ್ಲಿ, ನೀರಿನ ಕೊಡದ ಪಕ್ಕ ತಣ್ಣಗೆ ಮಲಗಿದ್ದವು. ಮೇಲೆ ನೀರು ಚಿಮುಕಿಸಿಯೂ ಆಗಿತ್ತು.

"ಸೆಕಿಯೊಳಗ ಬಿಟ್ಟು ಹೋಗಿದ್ದೆಲ್ಲವ್ವ, ನಾ ನೋಡಿದ್ದಕ್ಕ ಉಳಕೊಂಡಾವು," ಅಂದರು ಅತ್ತೆ.

ಅವರ ಮುಖದ ಸಂತೋಷ ನೋಡಿ ಹೌದೆಂದು ತಲೆಯಾಡಿಸಿದೆ. ಕೋಣೆಗೆ ಹೋಗಿ ದಿಂಬಿಗೆ ಬಾಯಿ ಒತ್ತಿಕೊಂಡು ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಅಕ್ಕನ ನೆನಪಾದ ಮೇಲೆ ಅಳುವೇ ಬಂತು.

ಬೆಳಿಗ್ಗೆ ಅವು ಬನ್ನಾಗಿ ಉಳಿದಿರಲಿಲ್ಲ, ಮಲ್ಲಿಗೆ ಘಮಘಮಿಸುವ ಅಂಬಲಿಯಾಗಿದ್ದವು. ಬೇರೆ ದಾರಿಯಿಲ್ಲದೆ ಬಟ್ಟಲಿಗೆ ಸುರಿದು, ಚಮಚ ಹಾಕಿ ಅಕ್ಕನ ಮುಂದಿಟ್ಟೆ. ಒಂದು ಚಮಚ ಬಾಯಿಗಿಟ್ಟವಳು ನನ್ನ ಮೇಲೆ ಹರಿಹಾಯುವುದರಲ್ಲಿದ್ದಳು. ಅಷ್ಟರಲ್ಲಿ ಎದುರಿಗೆ ಕೂತ ಅತ್ತೆ ಕಣ್ಣಿಗೆ ಬಿದ್ದರು. ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಕಾದವರಂತೆ ಅವಳ ಬಾಯನ್ನೇ ನೋಡುತ್ತಿದ್ದರು. ತಾವು ಕಾಯ್ದ ಕಥೆಯನ್ನು ಆಗಲೇ ಎರಡು ಸಲ ಹೇಳಿಯೂ ಆಗಿತ್ತು. ಅಕ್ಕ ಬಟ್ಟಲು ಬರಿದು ಮಾಡಿದಳು.

"ಇಂಥಾದ್ದು ನಮ್ಮೂರಾಗ ಎಲ್ಲೂ ಸಿಗಲ್ಲ ಬಿಡ್ರಿ, ಅತ್ತಿ," ಅಂದಳು.

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಹುಟ್ಟಿದಾಗಿನಿಂದ ಜಗಳವಾಡಿದ ಆ ಅಕ್ಕನನ್ನು ಅಲ್ಲೇ ತಬ್ಬಿಕೊಳ್ಳಬೇಕೆನಿಸಿತು.

ಆಮೇಲೆ ಅವಳು ಚೀಲದಿಂದ ತನ್ನೂರಿನ ಡಬ್ಬಿ ತೆಗೆದಳು. ಒಳಗೆ ಕ್ರೀಮ್ ಬನ್ನು! ತಾಜಾ, ಮೆತ್ತನೆಯವು. ಅವಳು ತಂದದ್ದೂ ನಮ್ಮನ್ನು ಸೋಲಿಸಲಿಕ್ಕೇ. ಸೋಲಲು ನಾನು ಸಂತೋಷವಾಗಿ ಕೈ ಚಾಚಿದೆ. ಅಷ್ಟರಲ್ಲಿ ಅತ್ತೆ ಡಬ್ಬಿಯನ್ನೇ ಎತ್ತಿಕೊಂಡರು.

"ಸಂಜಿಗೆ ಎಲ್ಲಾರೂ ಕೂಡಿ ತಿನ್ನಾಣು. ಅಲ್ಲಿಮಟ ನಾ ಕಟ್ಟಿಡ್ತೀನಿ."

ತಡೆಯೇ ಎಂದು ಅಕ್ಕ ಕಣ್ಣಲ್ಲೇ ಅಂಗಲಾಚಿದಳು. ನಾನು ಎದ್ದು ಹೋಗಿ, ಚಿಮುಕಿಸಲಿಕ್ಕೆ ತಂಬಿಗೆಯಲ್ಲಿ ನೀರು ತಂದುಕೊಟ್ಟೆ.