ಭಾವನ ಬಲಗಡೆಯ ಎಲೆ

ಕದ್ದು ತಿನ್ನುವವರನ್ನು ನೀವು ಬೇಕಾದಷ್ಟು ಜನ ನೋಡಿರುತ್ತೀರಿ. ಕದ್ದು ತಿನ್ನದೇ ಇರುವವರನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡುವುದೇನು ಬಂತು, ನಾಲ್ಕು ವರ್ಷ ಅವರ ಬಲಗಡೆ ಕೂತು ಉಂಡಿದ್ದೇನೆ. ಅವರು ನನ್ನ ಅಕ್ಕನ ಗಂಡ. ಮದುವೆ, ನಾಮಕರಣ, ತಿಥಿ, ಗೃಹಪ್ರವೇಶ, ಯಾವುದಕ್ಕೆ ಕರೆದರೂ ಮೊದಲ ಪಂಕ್ತಿಗೇ ಹಾಜರಾಗಿ, ಎಲ್ಲರ ಕಣ್ಣೆದುರಿಗೇ ಎಲೆಯ ಮುಂದೆ ಕೂತು, ಏನೂ ಉಣ್ಣದೆ, ಕೊನೆಗೆ ದೊಡ್ಡದಾಗಿ ತೇಗಿ ಎದ್ದು ಬರುತ್ತಿದ್ದ ಮಹಾನುಭಾವರು. ಆ ತೇಗು ಕೂಡ ಸುಳ್ಳು!

ಹಿಂದೆ ಹೀಗಿರಲಿಲ್ಲ. ಭಾವ ಕೆ.ಜಿ.ಎಫ್‌ನ ಗಣಿ ವರ್ಕ್‌ಶಾಪಿನಲ್ಲಿ ಫಿಟ್ಟರ್. ಹುಟ್ಟೂರು ಕ್ಯಾಸಂಬಳ್ಳಿ ಕಡೆ. ಆ ಕಡೆಯ ಊಟಗಳಲ್ಲಿ ಐದು ಮುದ್ದೆಯ ಆಸಾಮಿ ಎಂದು ಅವರಿಗೆ ಹೆಸರಿತ್ತು. ಮನುಷ್ಯನಿಗೆ ಹೆಮ್ಮೆ ಪಡಲು ಏನಾದರೊಂದು ಬೇಕಲ್ಲ. ಕೆಲವರಿಗೆ ಓದು, ಕೆಲವರಿಗೆ ಹೊಲ, ನಮ್ಮ ಭಾವನಿಗೆ ಹೊಟ್ಟೆ. ಆ ಹೊಟ್ಟೆಯೊಳಗೇ ಹುಣ್ಣಾಯಿತು. ದೂರದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಮುಕ್ಕಾಲು ಪಾಲು ಕತ್ತರಿಸಿ ತೆಗೆದರು. ಉಳಿದಿರುವುದು ಇಷ್ಟೇ ಎಂದು ಡಾಕ್ಟರು ಬೊಗಸೆಯನ್ನೂ ಅಲ್ಲ, ಒಂದು ಹಿಡಿಯನ್ನು ತೋರಿಸಿದರು. ದಿನಕ್ಕೆ ಆರು ಸಲ ಒಂದೊಂದು ಸಣ್ಣ ಬಟ್ಟಲು ಉಣ್ಣಬೇಕು. ಪ್ರತಿ ತುತ್ತನ್ನೂ ಮೂವತ್ತು ಸಲ ಅಗಿಯಬೇಕು. ಸಿಹಿ ಮುಟ್ಟಬಾರದು. ಮಿತಿ ಮೀರಿದರೆ ಮೈಯೆಲ್ಲ ಬೆವೆತು, ಎದೆ ಹೊಡೆದುಕೊಂಡು, ಇದ್ದಲ್ಲೇ ಮಲಗಬೇಕಾಗುತ್ತದೆ ಎಂದರು.

"ಇದ್ದುದ್ನ ಇದ್ದಂಗೆ ಎಲ್ರಿಗೂ ಏಳ್ಬುಟ್ರೆ ಆಯ್ತಲ್ಲ ಭಾವ" ಎಂದೆ ನಾನು, ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಕೂತು.

"ಒಟ್ಟೆ ಕುಯ್ಸವ್ನೆ ಅಂತ ಒಬ್ನ ಕಿವೀಗ್ ಬಿದ್ರೆ ಸಾಕು ಕಣ್ಲಾ, ದೊಡ್ ಕಾಯ್ಲೆ ಅಂತ ಊರೆಲ್ಲಾ ಸಾರ್‍ತಾರೆ. ಮನೇಲಿ ಮದ್ವೆಗ್ ಬಂದಿರೋ ಉಡ್ಗಿ ಅವ್ಳೆ. ಯಾವನ್ ಬತ್ತಾನೆ ಆಮೇಲೆ?"

ಹೀಗೆ ಮಗಳನ್ನು ಮುಂದಿಟ್ಟು ನನ್ನ ಬಾಯಿ ಮುಚ್ಚಿಸಿದರು. ನಿಜವಾದ ಕಾರಣ ಆ ಐದು ಮುದ್ದೆಯ ಕೀರ್ತಿಯೇ ಎಂದು ನಾನು ಆಗಲೇ ತೀರ್ಮಾನ ಮಾಡಿದ್ದೆ.

ಮೂರು ವಾರ ಕಾಣದ ಮನುಷ್ಯ ಅರ್ಧ ಇಳಿದು ಬಂದರೆ ಜನ ಕೇಳದೆ ಬಿಡುತ್ತಾರೆಯೇ? ಭಾವ ಅದಕ್ಕೂ ತಯಾರಿದ್ದರು. ಬರುವ ದಾರಿಯಲ್ಲೇ ಬಸ್ಸಿಳಿದು ತಲೆ ಬೋಳಿಸಿಕೊಂಡರು. ತಿರುಪತಿಗೆ ಕಾಲ್ನಡಿಗೆಯಲ್ಲಿ ಹೋಗಿ ಬಂದೆ ಎಂದರು. ಮೂರು ವಾರಕ್ಕೂ ಕಾರಣ ಸಿಕ್ಕಿತು, ಇಳಿದ ಮೈಗೂ ಕಾರಣ ಸಿಕ್ಕಿತು. ಆದರೆ ತಿರುಪತಿಗೆ ಹೋದವನು ಲಡ್ಡು ತರದೆ ಬರುವುದುಂಟೇ? ವರ್ಕ್‌ಶಾಪಿನವರೆಲ್ಲ ಕೈ ಚಾಚಿದರು. "ಮನೇಲೈತೆ, ನಾಡಿದ್ದು ತತ್ತೀನಿ" ಎಂದುಬಿಟ್ಟರು ಭಾವ. ಮಾರನೆಯ ಬೆಳಿಗ್ಗೆ ಶಾಲೆಗೆ ರಜೆ ಹಾಕಿ ತಿರುಪತಿಯ ಬಸ್ಸು ಹತ್ತಿದವನು ಯಾರು? ಬಂಗಾರಪೇಟೆಯ ಮಿಡ್ಲ್ ಸ್ಕೂಲ್ ಮೇಷ್ಟ್ರು, ಅಂದರೆ ನಾನು. ಕ್ಯೂನಲ್ಲಿ ನಿಂತು ಕಾಲು ಊದಿಸಿಕೊಂಡವನು ನಾನು. ಲಡ್ಡು ಹಂಚಿ ನಮಸ್ಕಾರ ಮಾಡಿಸಿಕೊಂಡವರು ಅವರು.

ಊಟದ ಕರೆಗಳು ಶುರುವಾದಾಗ ಭಾವ ಮೊದಲು ಹಿಡಿದದ್ದು ದೇವರುಗಳನ್ನು. ಸೋಮವಾರ ಕರೆದರೆ ಈಶ್ವರನ ಒಪ್ಪೊತ್ತು, ಮಂಗಳವಾರ ಮಾರಮ್ಮ, ಗುರುವಾರ ರಾಯರು, ಶುಕ್ರವಾರ ಲಕ್ಷ್ಮಿ, ಶನಿವಾರ ತಿಮ್ಮಪ್ಪ, ಭಾನುವಾರ ಸೂರ್ಯದೇವರು. ಜನ್ಮದಲ್ಲಿ ದೀಪ ಹಚ್ಚದ ಮನುಷ್ಯ! ಬುಧವಾರಕ್ಕೆ ಮಾತ್ರ ಯಾರೂ ಸಿಕ್ಕಿರಲಿಲ್ಲ. ಕ್ವಾರ್ಟರ್ಸಿನ ಪಕ್ಕದ ಮನೆಯ ತಮಿಳು ಹೆಂಗಸು, ಕ್ರಿಶ್ಚಿಯನ್ನರು, ಸರಿಯಾಗಿ ಒಂದು ಬುಧವಾರವೇ ಮಗುವಿನ ಹುಟ್ಟುಹಬ್ಬಕ್ಕೆ ಬಿರಿಯಾನಿ ಮಾಡಿ ಕರೆದಳು.

"ಇನ್ನಿಕ್ಕಿ ಎಂದ ಸಾಮಿ ಅಣ್ಣಾ?" ಎಂದು ನಗುತ್ತ ಕೇಳಿದಳು. ಇವತ್ತು ಯಾವ ದೇವರು ಅಂತ.

ಭಾವ ಅತ್ತಿತ್ತ ನೋಡಿದರು. ತೆರೆದ ಬಾಗಿಲಾಚೆ ಅವಳ ಮನೆಯ ಗೋಡೆಯ ಮೇಲಿದ್ದ ಮೇರಿ ಮಾತೆಯ ಪಟ ಕಣ್ಣಿಗೆ ಬಿತ್ತು. "ನಿಮ್ ಮೇರಿಮಾತೇಗೇ ಅರಕೆ ಮಾಡ್ಕಂಡಿವ್ನಿ ಕಣಮ್ಮಾ" ಎಂದರು. ಆ ತಾಯಿಯ ಕಣ್ಣಲ್ಲಿ ನೀರೇ ಬಂತು. ಮುಂದಿನ ಬುಧವಾರದಿಂದ ತಾನೇ ಬಂದು ಭಾವನನ್ನು ಚರ್ಚಿಗೆ ಕರೆದುಕೊಂಡು ಹೊರಟಳು. ಒಂದು ಹಿಡಿ ಬಿರಿಯಾನಿ ತಪ್ಪಿಸಿಕೊಳ್ಳಲು ಹೋಗಿ ನಮ್ಮ ಭಾವ ಆರು ತಿಂಗಳು ಪ್ರತಿ ಬುಧವಾರ ಸಂಜೆ ಮೊಣಕಾಲೂರಿದರು.

ದೇವರುಗಳು ಸಾಕಾದ ಮೇಲೆ ಬಕೆಟ್ ಹಿಡಿದರು. ಬಡಿಸುವವನಿಗೆ ಉಣ್ಣು ಎಂದು ಯಾರೂ ಬಲವಂತ ಮಾಡುವುದಿಲ್ಲ ಎಂಬುದು ಅವರ ಹೊಸ ಸಂಶೋಧನೆ. ನಮ್ಮ ಹೆಡ್ಮಾಸ್ಟರ ಮಗನ ಮದುವೆ ಬಂಗಾರಪೇಟೆಯ ಒಂದು ಛತ್ರದಲ್ಲಿ ನಡೆಯಿತು. ಭಾವ ಅಲ್ಲಿ ಯಾರಿಗೂ ಪರಿಚಯವಿಲ್ಲ. ಆದರೂ ಪಂಚೆ ಎತ್ತಿಕಟ್ಟಿ, ಸೊಂಟಕ್ಕೆ ಟವೆಲ್ ಸುತ್ತಿ, ಸಾಂಬಾರಿನ ಬಕೆಟ್ ಎತ್ತಿಕೊಂಡೇಬಿಟ್ಟರು. ಅಡುಗೆಯವರ ಯಜಮಾನ ತೆಲುಗಿನವನು. ಇವರನ್ನು ತನ್ನ ಆಳೇ ಎಂದುಕೊಂಡು, "ಏಮಯ್ಯಾ, ಊರಿಕೇ ನಿಲಬಡ್ಡಾವು? ಸಾಂಬಾರು ತೀಸ್ಕೊನಿ ಪೋ" ಎಂದು ಗದರಿಸಿದ, ಸುಮ್ಮನೆ ಯಾಕೆ ನಿಂತೆ, ಸಾಂಬಾರು ತಗೊಂಡು ಹೋಗು ಅಂತ. ಮೂರು ಪಂಕ್ತಿ ಬಡಿಸಿದರು. ನಾಲ್ಕನೆಯದಕ್ಕೆ ಬಕೆಟ್ ಕೆಳಗಿಟ್ಟು ಕಂಬಕ್ಕೆ ಒರಗಿದರು. ಕುಂತು ಮಾಡೋ ಕೆಲಸ ಮಾಡು ಎಂದು ಅವನು ಪಾತ್ರೆ ತೊಳೆಯಲು ಹಚ್ಚಿದ. ನಾನು ಹುಡುಕಿಕೊಂಡು ಹಿತ್ತಲಿಗೆ ಹೋದಾಗ ಭಾವ ಕೈಗೆಲ್ಲ ಬೂದಿ ಮೆತ್ತಿಕೊಂಡು ಕೊಳದಪ್ಪಲೆಯೊಳಗೆ ಅರ್ಧ ಇಳಿದಿದ್ದರು. ಇವರು ನಮ್ಮವರು, ಬಿಟ್ಟುಬಿಡಿ ಎಂದೆ.

"ನಿಮ್ಮೋರಾ? ತಳ ಸರ್‍ಯಾಗಿ ಉಜ್ಜಲ್ಲ ಸಾಮಿ ಇವ್ನು" ಎಂದು ಅವನು ನನಗೇ ದೂರು ಹೇಳಿದ.

ಅನ್ನವಾದರೆ ಕಲಸಿ, ಹರಡಿ, ಎಲೆಯ ತುಂಬ ಓಡಾಡಿಸಿ ಉಂಡಂತೆ ಮಾಡಬಹುದು. ಮುದ್ದೆಯನ್ನು ಏನು ಮಾಡುವುದು? ನಮ್ಮ ಕಡೆ ಮುದ್ದೆಯನ್ನು ನುಂಗುತ್ತಾರೆ, ಅಗಿಯುವುದಿಲ್ಲ. ಇದು ಯಾರೂ ಹೇಳಿಕೊಟ್ಟ ವಿದ್ಯೆಯಲ್ಲ. ಹಲ್ಲು ಪೂರ್ತಿ ಬರುವ ಮುಂಚೆಯೇ ಬಂದದ್ದು. ಮೂವತ್ತು ಸಲ ಅಗಿ ಎಂದ ಡಾಕ್ಟರಿಗೆ ಕ್ಯಾಸಂಬಳ್ಳಿ ಗೊತ್ತೇ? ಊರಿನ ದಾಯಾದಿಯೊಬ್ಬರ ತಿಥಿಯಲ್ಲಿ ಭಾವ ಗೋಲಿಯಷ್ಟು ಮುದ್ದೆ ಮುರಿದು, ಹುರುಳಿಸಾರಿನಲ್ಲಿ ಅದ್ದಿ, ಬಾಯಿಗಿಟ್ಟುಕೊಂಡು ನಿಧಾನವಾಗಿ ದವಡೆ ಆಡಿಸತೊಡಗಿದರು. ಎದುರು ಸಾಲಿನಲ್ಲಿದ್ದ ಒಬ್ಬ ಮುದುಕ, ತನಗೇ ಹಲ್ಲಿಲ್ಲ, ಕಣ್ಣು ಕಿರಿದು ಮಾಡಿ ನೋಡಿದ.

"ಲೇ, ಯಾವೂರೋನ್ಲಾ ಅವ್ನು? ಮುದ್ದೆ ಅಗೀತಾವ್ನೆ."

ಸಾಲಿಗೆ ಸಾಲೇ ತಿರುಗಿತು. "ನಮ್ಮೋನೇ ಕಣಜ್ಜ, ಕೆ.ಜಿ.ಎಫ್‌ನಾಗವ್ನೆ" ಎಂದರು ಯಾರೋ.

"ಅದ್ಕೇನಾ? ಅಲ್ಲಿ ಕಲ್ಲು ಪುಡಿ ಮಾಡೋ ಮಿಸನ್ನು ಇವ್ನ್ ಬಾಯಾಗೇ ಇಟ್ಟವ್ರಾ?" ಎಂದ ಮುದುಕ.

ಅಂದಿನಿಂದ ನನ್ನ ಹೊಸ ನೌಕರಿ ಶುರುವಾಯಿತು. ಎಲ್ಲಿಗೇ ಹೋದರೂ ಭಾವನ ಬಲಗಡೆಯ ಎಲೆ ನನ್ನದು. ಮುದ್ದೆ ಬಿದ್ದ ತಕ್ಷಣ ನಾನು "ಸಾರು, ಸಾರು" ಎಂದು ಬಡಿಸುವವನನ್ನು ಕೂಗಬೇಕು. ಸುತ್ತಲಿನವರು ಅತ್ತ ತಿರುಗಿದಾಗ ಭಾವನ ಮುದ್ದೆ ಇತ್ತ ಬರುತ್ತಿತ್ತು. ಮುರಿಯುವ ಮುಂಚೆಯೇ ಕೊಡುವುದರಿಂದ ಎಂಜಲಲ್ಲ ಎಂಬುದು ಅವರ ವಾದ. ಆಮೇಲೆ ಅವರು ಬರಿಗೈಯನ್ನು ಬಾಯಿಗೆ ಒಯ್ದು, ಕತ್ತು ಮುಂದೆ ಚಾಚಿ, ಗಂಟಲು ಮೇಲೆ ಕೆಳಗೆ ಆಡಿಸಿ ಎಂಥ ಚೆನ್ನಾಗಿ ನುಂಗುತ್ತಿದ್ದರು ಎನ್ನುತ್ತೀರಿ! ನಾಟಕದ ಕಂಪನಿಯವರು ನೋಡಿದ್ದರೆ ಅಲ್ಲೇ ಎತ್ತಿಕೊಂಡು ಹೋಗುತ್ತಿದ್ದರು. ನಾನು ಮಾತ್ರ ಇಬ್ಬರ ಪಾಲನ್ನು ನಿಜವಾಗಿ ನುಂಗುತ್ತಿದ್ದೆ.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ನನ್ನ ಎಲೆ ಖಾಲಿಯಾಗುತ್ತಲೇ ಭಾವ ಎಲ್ಲರಿಗೂ ಕೇಳುವಂತೆ, "ನಮ್ ಬಾಮೈದ್ನಿಗೆ ಇನ್ನೊಂದ್ ಆಕ್ರಪ್ಪಾ, ಕೇಳೋಕೆ ನಾಚ್ಕೆ ಅವ್ನಿಗೆ" ಎನ್ನುತ್ತಿದ್ದರು. ಜನರ ಕಣ್ಣು ನನ್ನ ಮೇಲಿದ್ದರೆ ಅವರು ಕ್ಷೇಮ ತಾನೇ! ಎರಡು ವರ್ಷದಲ್ಲಿ ಅವರ ಷರ್ಟು ಅವರ ಮೈಮೇಲೆ ಜೋತಾಡಿತು, ನನ್ನದು ಬಿರಿಯಿತು. "ಮೇಷ್ಟ್ರೇ, ಒಲಿಗೇಲಿ ಬಿಡಾಕೆ ಇನ್ನು ಬಟ್ಟೆ ಉಳ್ದಿಲ್ಲ" ಎಂದು ಟೈಲರ್ ಕೈಚೆಲ್ಲಿದ. ತಾಲ್ಲೂಕಿನಲ್ಲಿ ಹೊಟ್ಟೆಬಾಕ ಎಂಬ ಹೆಸರು ನನಗೆ ಬಂತು. ಅದೂ ಏನೂ ಉಣ್ಣದ ಮನುಷ್ಯನ ದೆಸೆಯಿಂದ.

ಇನ್ನೊಂದೂವರೆ ವರ್ಷಕ್ಕೆ ಮಗಳಿಗೆ ಸಂಬಂಧ ಕೂಡಿಬಂತು. ಬೂದಿಕೋಟೆಯ ಕಡೆಯವರು, ಹೊಲ, ಹಸು, ಹಾಲು ಎಲ್ಲ ಇದ್ದ ಗಟ್ಟಿ ಕುಳ. ಉಣ್ಣುವುದರಲ್ಲೂ ಗಟ್ಟಿ. ಮದುವೆಯಾದ ಮೇಲೆ ಬೀಗರೂಟ. ಬೀಗರೂಟದಲ್ಲಿ ಬಡಿಸುವುದೆಂದರೆ ಬಡಿಸುವುದಲ್ಲ, ಒಬ್ಬ ಕೈ ಹಿಡಿದುಕೊಂಡು ಇನ್ನೊಬ್ಬ ಸುರಿಯುವುದು. ಅಂದು ಭಾವನ ಮಾನ ಉಳಿಸಿದವನು ನಾನು. ಎರಡು ದಿನ ಮಂಚ ಬಿಟ್ಟೇಳಲಿಲ್ಲ. ರಜೆ ಚೀಟಿಯಲ್ಲಿ ಕೌಟುಂಬಿಕ ಕಾರಣ ಎಂದು ಬರೆದೆ. ಸುಳ್ಳೇನಲ್ಲವಲ್ಲ!

"ಮದ್ವೆ ಆಯ್ತಲ್ಲ ಭಾವ, ಇನ್ನಾದ್ರೂ ಏಳ್ಬುಡಿ" ಎಂದೆ.

"ಈಗಂತೂ ಬ್ಯಾಡ ಕಣ್ಲಾ. ಉಡ್ಗಿ ಅಲ್ಲವ್ಳೆ" ಎಂದರು. ನಾನು ಮನಸ್ಸಿನಲ್ಲೇ ನಕ್ಕೆ. ಮದುವೆಗೆ ಮುಂಚೆ ಮಗಳು ಇಲ್ಲಿದ್ದಳು ಎಂಬ ನೆಪ, ಈಗ ಅಲ್ಲಿದ್ದಾಳೆ ಎಂಬ ನೆಪ.

ಮದುವೆಯಾಗಿ ಮೂರು ತಿಂಗಳಿಗೆ ಮಗಳನ್ನು ನೋಡಿಕೊಂಡು ಬರಲು ನಾವಿಬ್ಬರೇ ಬೂದಿಕೋಟೆಯ ಬಸ್ಸು ಹತ್ತಿದೆವು. ಮಧ್ಯಾಹ್ನದ ಊಟಕ್ಕೆ ಎಲೆ ಹಾಕಿದರು. ನಾನು ವಾಡಿಕೆಯಂತೆ ಬಲಗಡೆ ಕೂತೆ. ಹುಡುಗಿಯ ಅತ್ತೆ ಸೆರಗು ಸಿಕ್ಕಿಸಿಕೊಂಡು ಎದುರಿಗೆ ನಿಂತರು.

"ಮೂರು ತಿಂಗ್ಳಿಂದ ಗಂಟುಮುದ್ದೆ ತಿನ್ನಿಸ್ತಾವ್ಳೆ ಬೀಗ್ರೇ ನಿಮ್ ಮಗ್ಳು. ಕ್ವಾಟ್ರಸ್ ಉಡ್ಗಿ, ಮುದ್ದೆಕೋಲು ಇಡ್ಯೋಕೇ ಬರಾಕಿಲ್ಲ. ಇವತ್ತು ನಿಮ್ಮಪ್ಪನ್ಗೆ ನೀನೇ ಮಾಡಾಕು ಅಂದಿವ್ನಿ. ಗಂಟು ಸಿಕ್ರೆ ಮುಚ್ಚಿಕ್ಬ್ಯಾಡಿ, ಎಲೆ ಕೊನೇಗೆ ತೆಗ್ದಿಕ್ಕಿ. ಅವ್ಳೇ ನೋಡ್ಲಿ."

ನಗುತ್ತಲೇ ಹೇಳಿದರು. ಬಾಗಿಲ ಬಳಿ ನಿಂತಿದ್ದ ಹುಡುಗಿ ಮಾತ್ರ ನಗಲಿಲ್ಲ. ಮೂರು ತಿಂಗಳಿಗೇ ಅವಳ ಮುಖ ಸಣ್ಣದಾಗಿತ್ತು. ಅಪ್ಪನ ಸ್ಥಿತಿ ಗೊತ್ತಿದ್ದವಳು, ನಿಂಬೆಹಣ್ಣಿನಷ್ಟು ಒಂದು ಮುದ್ದೆಯನ್ನು ಬೇರೆಯಾಗಿ ಕಟ್ಟಿ ತಂದು ಎಲೆಗಿಟ್ಟಳು.

"ಇದೇನಮ್ಮಾ, ನಿಮ್ಮಪ್ಪ ಏನ್ ಆಲು ಕುಡ್ಯೋ ಮಗ್ವಾ?" ಎಂದು ಅತ್ತೆ ಅದನ್ನು ಎತ್ತಿಕೊಂಡು ದೊಡ್ಡದೊಂದನ್ನು ಇಟ್ಟರು. ಹುಡುಗಿ ನನ್ನ ಕಡೆ ನೋಡಿದಳು. ನಾನು ಕಣ್ಣಲ್ಲೇ ಧೈರ್ಯ ಹೇಳಿ, "ಸಾರು, ಸಾರು" ಎಂದು ಕೂಗಿದೆ. ಅತ್ತೆ ಸಾರಿನ ಪಾತ್ರೆಗೆ ತಿರುಗಿದರು. ಕೈ ಚಾಚಿದೆ. ಭಾವ ಎಂದಿನಂತೆ ಮುದ್ದೆಯನ್ನು ತಳ್ಳುವುದು ಬಿಟ್ಟು ಆಗಲೇ ಮುರಿದಿದ್ದರು. ಅವರ ಬೆರಳು ಒಂದು ಕ್ಷಣ ನಿಂತಿತು. ನನ್ನ ಕೈಯನ್ನು ಎಡಗೈಯಿಂದ ಸರಿಸಿಬಿಟ್ಟರು.

ಆಮೇಲೆ ನುಂಗಿದರು. ನಾಟಕವಲ್ಲ, ನಿಜವಾಗಿ. ಒಂದು ಸಲವೂ ದವಡೆ ಆಡಿಸದೆ, ತುತ್ತಿನ ಮೇಲೆ ತುತ್ತು, ಪೂರ್ತಿ ಮುದ್ದೆ ಖಾಲಿ ಮಾಡಿದರು. ನಾನು ಗಾಬರಿಯಾಗಿ ನನ್ನ ಊಟವನ್ನೇ ಮರೆತೆ.

"ಗಂಟಿತ್ತಾ ಬೀಗ್ರೇ?" ಎಂದು ಅತ್ತೆ ಬಾಗಿ ಎಲೆಯ ಕೊನೆ ನೋಡಿದರು. ಅಲ್ಲಿ ಏನೂ ಇರಲಿಲ್ಲ.

"ಬೆಣ್ಣೆ ಇದ್ದಂಗೈತೆ ಕಣಮ್ಮಾ. ಇನ್ನರ್ಧ ಆಕಿ" ಎಂದರು ಭಾವ.

"ಅಂಗಾದ್ರೆ ಕಲ್ತ್ಕೊಂಡ್ಳು ಬಿಡಿ" ಎಂದರು ಅತ್ತೆ. ಆ ಅರ್ಧವೂ ಹೋಯಿತು. ಹುಡುಗಿ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಒಳಗೆ ಹೋದಳು.

ಬಸ್ಸಿಗೆ ಹೊತ್ತಾಯಿತು ಎಂದು ಬೇಗ ಹೊರಟೆವು. ಅರ್ಧ ದಾರಿಗೆ ಬರುವಷ್ಟರಲ್ಲಿ ಭಾವನ ಷರ್ಟು ಒದ್ದೆಯಾಗಿತ್ತು. ತುಟಿ ಬಿಳಿಚಿಕೊಂಡಿತು. ಬಸ್ಸು ನಿಲ್ಲಿಸಿ ಇಳಿಸಿದೆ. ರಸ್ತೆ ಪಕ್ಕದ ಮೋರಿ ಕಟ್ಟೆಯ ಮೇಲೆ ಕೂತು ವಾಂತಿ ಮಾಡಿಕೊಂಡರು. ಆಮೇಲೆ ಅಲ್ಲೇ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದರು. ಅವರ ಎದೆ ಹೊಡೆದುಕೊಳ್ಳುವುದು ನನ್ನ ಕೈಗೆ ತಿಳಿಯುತ್ತಿತ್ತು. ನನಗೆ ಭಯ, ಭಯಕ್ಕಿಂತ ಹೆಚ್ಚು ಸಿಟ್ಟು.

"ಯಾರ್‍ಗೆ ತೋರ್ಸೋಕೆ ಭಾವ ಈ ಜಂಬ? ನಾನಿರ್ಲಿಲ್ವಾ ಪಕ್ಕದಾಗೆ?"

ಉಸಿರು ಸ್ವಲ್ಪ ಹದಕ್ಕೆ ಬಂದ ಮೇಲೆ ಕಣ್ಣು ಮುಚ್ಚಿಕೊಂಡೇ ಹೇಳಿದರು.

"ಗಂಟಿದ್ವು ಕಣ್ಲಾ. ಮುರೀತಿದ್ದಂಗೇ ಬೆರ್ಳಿಗ್ ಸಿಕ್ವು. ಎಲ್ಡು."

"ನನ್ ಕೈಗ್ ಕೊಡಾಕೇನಾಗಿತ್ತು?"

"ನೀನ್ ಮೊಕ ಕಿವುಚ್ತಿದ್ದೆ. ಆಯಮ್ಮ ನೋಡ್ಬುಡೋಳು."

ನಾಲ್ಕು ವರ್ಷ ಈ ಮನುಷ್ಯನ ಪಕ್ಕದಲ್ಲಿ ಕೂತು, ಮಗಳಿಗೋಸ್ಕರ ಎಂಬ ಅವರ ಮಾತನ್ನು ಒಂದೇ ಒಂದು ದಿನವೂ ನಾನು ನಂಬಿರಲಿಲ್ಲ. ಟವೆಲ್ಲಿನಿಂದ ಅವರ ಹಣೆ ಒರೆಸಿದೆ. ಆ ಬಿಸಿಲಿನಲ್ಲಿ, ಆ ಮೋರಿ ಕಟ್ಟೆಯ ಮೇಲೆ, ನನಗೆ ಅವರ ಮೇಲೆ ಬಂದಷ್ಟು ಪ್ರೀತಿ ನನ್ನ ಹೆತ್ತ ಅಪ್ಪನ ಮೇಲೂ ಬಂದಿರಲಿಲ್ಲ. ದೂರದಲ್ಲಿ ಬಂಗಾರಪೇಟೆಯ ಬಸ್ಸು ಬರುವ ಸದ್ದಾಯಿತು. ಎಬ್ಬಿಸಲು ಹೆಗಲಿಗೆ ಕೈ ಹಾಕಿದೆ. ಭಾವ ಒಂದು ಕಣ್ಣು ತೆರೆದರು.

"ಇನ್ನರ್ಧ ಆಕುಸ್ಕೊಂಡ್ನಲ್ಲ, ಅದ್ರಾಗೆ ಒಂದೂ ಇರ್ಲಿಲ್ಲ ಕಣ್ಲಾ. ಕಲ್ತ್ಕೊತಾಳೆ."