ದೋಣಿಯ ಕಾಲು ಭಾಗ

ಲೆಕ್ಕ ಬಲ್ಲವನಿಗೆ ಲೆಕ್ಕ ಹೇಳಿಕೊಡಲೂ ಬರುತ್ತದೆ ಎಂದು ನಾನು ನಂಬಿದ್ದ ಕಾಲವೊಂದಿತ್ತು. ಆಗ ಬಂಗಾಳದಲ್ಲಿ, ಸೆಕ್ಟರ್ ಫೈವ್‌ನ ಸಾಫ್ಟ್‌ವೇರ್ ಕಚೇರಿಯೊಂದರಲ್ಲಿ ಎಂಜಿನಿಯರಾಗಿದ್ದೆ. ಮೂರನೇ ತರಗತಿಯ ಮಗಳು ಅಪರ್ಣಾಳಿಗೆ ಅರ್ಧ, ಕಾಲು, ಮುಕ್ಕಾಲು ಕಲಿಸುವುದು ಯಾವ ಮಹಾ ಕೆಲಸ ಎಂದುಕೊಂಡು ಬಣ್ಣಬಣ್ಣದ ಹದಿನೆಂಟು ಸ್ಲೈಡ್ ತಯಾರಿಸಿದೆ. ಅವಳು ಬಣ್ಣಗಳನ್ನು ಮೆಚ್ಚಿದಳು. ಎರಡಕ್ಕಿಂತ ನಾಲ್ಕು ದೊಡ್ಡದು, ಆದ್ದರಿಂದ ಅರ್ಧಕ್ಕಿಂತ ಕಾಲು ದೊಡ್ಡದು ಎಂಬ ತನ್ನ ಸಿದ್ಧಾಂತವನ್ನು ಮಾತ್ರ ಬಿಡಲಿಲ್ಲ. ಕೊನೆಗೆ ದೋಸೆಗೆ ಇಳಿದೆ. ಅರ್ಧ ಬೇಕೋ ಕಾಲು ಬೇಕೋ ಎಂದರೆ ಕಾಲು ಎಂದಳು. ಸಿಕ್ಕ ತುಂಡು ನೋಡಿ ಅತ್ತಳು. ಹೆಂಡತಿ ಬಂದು ಇಡೀ ದೋಸೆಯನ್ನೇ ಅವಳ ತಟ್ಟೆಗೆ ಹಾಕಿ, “ಮಗು ಮೊದಲು ತಿನ್ಲಿ ಬಿಡ್ರಿ, ಭಿನ್ನರಾಶಿ ಆಮೇಲೆ” ಎಂದಳು. ನನ್ನ ಶಾಲೆ ಅಲ್ಲಿಗೆ ಮುಚ್ಚಿತು.

ಅದಾದ ಕೆಲವು ವಾರಕ್ಕೆ, ಚಳಿಗಾಲದ ಒಂದು ಭಾನುವಾರ, ನಮ್ಮ ಟೀಮಿನವರು ಸಂಸಾರ ಸಮೇತ ದಕ್ಷಿಣೇಶ್ವರಕ್ಕೆ ಹೋಗಿ ಒಂದು ಸಣ್ಣ ದೋಣಿ ಹಿಡಿದೆವು. ಅಂಬಿಗನನ್ನು ಬಿಟ್ಟು ಹನ್ನೆರಡು ಜನ, ಒಂದೊಂದು ಕಡೆ ಆರಾರು. ನದಿಯ ನಡುವೆ ನಾವೆಲ್ಲ ದಾದಾ, ಅಂದರೆ ಅಣ್ಣ, ಎಂದು ಕರೆಯುತ್ತಿದ್ದ ಟೀಮ್ ಲೀಡರ್ ತಮ್ಮ ಹೊಸ ಡಿಜಿಟಲ್ ಕ್ಯಾಮೆರಾ ತೆಗೆದು, ದೇವಸ್ಥಾನ ಹಿಂದೆ ಕಾಣಬೇಕು, ಎಲ್ಲರೂ ಎದುರು ಬದಿಗೆ ಹೋಗಿ ಎಂದರು. ಹೋದೆವು, ಒಂಬತ್ತು ಜನ. ಈಚೆ ಉಳಿದವರು ದಾದಾ, ಕದಲಲು ಒಪ್ಪದ ಅವರ ತಾಯಿ ಮತ್ತು ಕ್ಯಾಮೆರಾ ನೋಡುವ ಆಸೆಗೆ ಅಂಟಿಕೊಂಡು ಕೂತ ಅಪರ್ಣಾ.

ದೋಣಿ ವಾಲಿತು. ಅಂಚು ಮುಳುಗಿ ನೀರು ನನ್ನ ಷೂ ಒಳಗೆ ಬಂತು. ಆ ತಣ್ಣನೆಯ ನೀರು ಇಂದಿಗೂ ಒಮ್ಮೊಮ್ಮೆ ಊಟದ ನಡುವೆ ಪಾದಕ್ಕೆ ತಾಗುತ್ತದೆ. ಆ ಕಡೆ ಹೋಗಿ ಎಂದು ಅಂಬಿಗ ಕಿರುಚಿದ. ನಮ್ಮ ಕಚೇರಿಯಲ್ಲಿ ಯಾರೇ ಏನೇ ಹೇಳಿದರೂ ಎಲ್ಲರೂ ಕೂಡಿ ಮಾಡುವುದು ಅಭ್ಯಾಸ. ಒಂಬತ್ತು ಜನವೂ ಒಟ್ಟಿಗೆ ಎದ್ದೆವು. ಹಾಗೇ ನುಗ್ಗಿದ್ದರೆ ದೋಣಿ ಇನ್ನೊಂದು ಮಗ್ಗುಲಿಗೆ ಮಗುಚಿ, ಈ ಪ್ರಬಂಧ ಬರೆಯಲು ಯಾರೂ ಉಳಿಯುತ್ತಿರಲಿಲ್ಲ.

“ಶೊಬಾಯ್ ನಾ! ತಿನ್ ಜೊನ್!”

ಎಲ್ಲರೂ ಬೇಡ, ಮೂರೇ ಜನ ಎಂದು ಬಂಗಾಳಿಯಲ್ಲಿ ಕೂಗಿದವಳು ಅಪರ್ಣಾ. ಬೆರಳು ತೋರಿಸಿ ಮೂವರನ್ನು ಕರೆದಳು. ಉಳಿದವರು ಕುಸಿದು ಕೂತೆವು. ಮೂವರು ಒಬ್ಬೊಬ್ಬರಾಗಿ ಆಚೆ ದಾಟಿದರು. ದೋಣಿ ನಿಧಾನವಾಗಿ ನೆಟ್ಟಗಾಯಿತು.

ದಡ ಸೇರಿ ನಾಲಿಗೆ ಮರಳಿದ ಮೇಲೆ, ಮೂರೇ ಯಾಕೆ ಎಂದು ಅವಳನ್ನು ಕೇಳಿದೆ.

“ಆ ಕಡೆ ಥ್ರೀ ಕ್ವಾರ್ಟರ್, ಈ ಕಡೆ ಒನ್ ಕ್ವಾರ್ಟರ್ ಇತ್ತಲ್ಲ ಅಪ್ಪ. ಒಂದು ಕ್ವಾರ್ಟರ್ ಈ ಕಡೆ ಬಂದ್ರೆ ಹಾಫ್ ಹಾಫ್.”

ಎಂಜಿನಿಯರ್ ಸುಮ್ಮನಿರುತ್ತಾನೆಯೇ? ಒಂಬತ್ತರಲ್ಲಿ ಮೂರು ಎಂದರೆ ಕಾಲಲ್ಲ, ಮೂರನೇ ಒಂದು ಭಾಗ ಎಂದು ತಿದ್ದಿದೆ.

“ನೀನು ನಿನ್ ಸೈಡ್ ಮಾತ್ರ ಎಣಿಸ್ತಿದೀಯ. ನಾನು ಇಡೀ ಬೋಟ್ ಎಣಿಸ್ದೆ” ಎಂದಳು.

ಹದಿನೆಂಟು ಸ್ಲೈಡಿನಲ್ಲಿ ನಾನು ಹೇಳಲಾಗದ್ದನ್ನು ಅವಳು ಒಂದೇ ಮಾತಿನಲ್ಲಿ ಮುಗಿಸಿದ್ದಳು. ಅಂದಿನಿಂದ ಮನೆಗೆ ಬಂದವರಿಗೆಲ್ಲ ಕಾಫಿಗಿಂತ ಮೊದಲು ಈ ಕಥೆ ಬಡಿಸುತ್ತೇನೆ. ಭಿನ್ನರಾಶಿ ಹೇಳಿಕೊಟ್ಟಿದ್ದು ನಾನೇ ಎಂದು ಸೇರಿಸಲು ಮರೆಯುವುದಿಲ್ಲ. ಆಗೆಲ್ಲ ಅಪರ್ಣಾ ಒಳಗಿನಿಂದಲೇ, “ಅವತ್ತು ಫಸ್ಟ್ ಕರೆದಿದ್ದು ನಿನ್ನೇ ಅಪ್ಪ. ನೀನು ಬರ್ಲಿಲ್ಲ, ಅಮ್ಮ ಬಂದ್ಲು” ಎನ್ನುತ್ತಾಳೆ. ಗುರುವಾದವನು ಇದ್ದಲ್ಲೇ ಸ್ಥಿರವಾಗಿರಬೇಕು ಎಂದು ನಾನು ಅತಿಥಿಗಳಿಗೆ ವಿವರಿಸುತ್ತೇನೆ. ಅವರು ಗೌರವದಿಂದ ತಲೆದೂಗುತ್ತಾರೆ. ಕಣ್ಣು ಮಾತ್ರ, ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು ಕೂತ ನನ್ನ ಎರಡೂ ಮುಷ್ಟಿಗಳ ಮೇಲಿರುತ್ತದೆ.