ಕಾಡಿಗಿಯ ಬಾಣಂತನ

ಸುನೀತಾಳನ್ನು ನಾನು ಮೊದಲು ಕಂಡದ್ದು ಅವಳು ನಮ್ಮ ಮಾಳಿಗೆಯ ಮನೆಗೆ ಬಾಡಿಗೆಗೆ ಬಂದ ದಿನ. ಸಿಂದಗಿಯಿಂದ ಸಾಮಾನು ಹೊತ್ತ ಟೆಂಪೊ ಇಂಡಿ ಊರಿನ ನಮ್ಮ ಓಣಿಗೆ ಬಂದು ನಿಂತಿತು. ಮಂಚ ಇಳಿಯಿತು, ಗ್ಯಾಸಿನ ಒಲೆ ಇಳಿಯಿತು, ಖಾಲಿ ಗಾಜಿನ ಪೆಟ್ಟಿಗೆಯೊಂದು ಇಳಿಯಿತು; ಅವಳು ಮಾತ್ರ ಇಳಿಯಲಿಲ್ಲ. ಚಾಲಕನ ಪಕ್ಕದಲ್ಲಿ ಕುಳಿತು, ತೊಡೆಯ ಮೇಲಿನ ದೊಡ್ಡ ಸ್ಟೀಲಿನ ಡಬ್ಬಿಯೊಂದನ್ನು ಎರಡೂ ಕೈಗಳಿಂದ ಅಪ್ಪಿಕೊಂಡಿದ್ದಳು.

"ಬಂಗಾರ ಇರಬೇಕ್ರಿ" ಎಂದು ನನ್ನ ಹೆಂಡತಿ ಗುಂಡವ್ವ ಕಿವಿಯಲ್ಲಿ ಹೇಳಿದಳು.

"ಬಂಗಾರ ಇದ್ರ ಸೀರ್ಯಾಗ ಮುಚ್ಚಿಟಗೊಂತಿದ್ಲು. ಅದು ಬುತ್ತಿ" ಎಂದು ನಾನು ತೀರ್ಪು ಕೊಟ್ಟು, ಸೌಜನ್ಯಕ್ಕೆ ಮುಂದೆ ಹೋಗಿ ಕೈ ಚಾಚಿದೆ. "ಕೊಡವ್ವ ಇಲ್ಲೆ, ನಾ ಹಿಡಕೊಂತೇನಿ."

"ಅಲಗಾಡಿಸಬ್ಯಾಡ್ರಿ ಕಾಕಾರ. ಒಳಗ ಮಂದಿ ಅದಾರ."

ಮುಚ್ಚಳ ತೆಗೆದು ತೋರಿಸಿದಳು. ನೀರಿನೊಳಗೆ ಕಡುಗಪ್ಪು ಮೀನುಗಳು. ಮೋಲಿ ಎಂಬುದು ಅವುಗಳ ಜಾತಿಯಂತೆ. ಎಲ್ಲಕ್ಕಿಂತ ದಪ್ಪಗೆ, ಗಂಭೀರವಾಗಿ, ಮುಖ್ಯೋಪಾಧ್ಯಾಯಿನಿಯಂತೆ ಓಡಾಡುತ್ತಿದ್ದವಳ ಹೆಸರು ಕಾಡಿಗಿ. ಕಣ್ಣಿಗೆ ಹಚ್ಚುವ ಕಾಡಿಗೆಯಷ್ಟೇ ಕಪ್ಪು, ಅಷ್ಟೇ ಮಿರುಗು.

ಸುನೀತಾ ತಾಳಿಕೋಟೆಯ ಹುಡುಗಿ, ಸಿಂದಗಿಯಿಂದ ಇಲ್ಲಿಯ ಪ್ರೌಢಶಾಲೆಗೆ ವಿಜ್ಞಾನ ಶಿಕ್ಷಕಿಯಾಗಿ ವರ್ಗವಾಗಿ ಬಂದವಳು. ಗಂಡ ಅಮಿತನಿಗೆ ಮುದ್ದೇಬಿಹಾಳದಲ್ಲಿ ನೌಕರಿ. ಶನಿವಾರ ಬಂದು ಸೋಮವಾರ ಹೋಗುವ ಸಂಸಾರಿ. ಉಳಿದ ದಿನ ಅವಳಿಗೆ ಮೀನುಗಳೇ ಮನೆಮಂದಿ. ಪೆಟ್ಟಿಗೆಯ ತಳಕ್ಕೆ ಹಳ್ಳದ ಉಸುಕು ಹಾಸಿ, ರಿಬ್ಬನ್ನಿನಂಥ ಉದ್ದ ಎಲೆಯ ನೀರುಹುಲ್ಲು ನೆಟ್ಟಿದ್ದಳು. ನಮ್ಮ ಗುಂಡವ್ವ ಮೊದಮೊದಲು ಮೂಗು ಮುರಿದರೂ, ಸಂಜೆ ಆರತಿ ಮುಗಿದ ಮೇಲೆ "ಕಾಡಿಗಿ ಉಂಡಳೇನ" ಎಂದು ಮಾಳಿಗೆ ಹತ್ತುವುದನ್ನು ರೂಢಿ ಮಾಡಿಕೊಂಡಳು.

ಹೀಗಿರಲು ಸುನೀತಾ ಹೆರಿಗೆಗೆ ತವರಿಗೆ ಹೊರಡುವ ಕಾಲ ಬಂತು. ಅದೇ ಹೊತ್ತಿಗೆ ಕಾಡಿಗಿಯೂ ಬಸುರಿ. ಮೋಲಿ ತತ್ತಿ ಇಡುವುದಿಲ್ಲವಂತೆ, ನೇರವಾಗಿ ಮರಿಗಳನ್ನೇ ಹಾಕುತ್ತದಂತೆ. ಗಾಜಿನ ಪೆಟ್ಟಿಗೆಯನ್ನು ನಮ್ಮ ಪಡಸಾಲೆಗೆ ಇಳಿಸಿದ ಸುನೀತಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಾಗಿಲಲ್ಲೇ ನಿಂತಳು.

"ನನಗ ತಾಳಿಕೋಟಿ ಐತ್ರಿ. ಇಕಿಗೆ ನಿಮ್ಮ ಮನೀನ ತವರುಮನಿ ಕಾಕಾರ. ನಾ ತಿರುಗಿ ಬರೂತನಕಾ ಇರ್ತಾಳಲ್ರಿ?" ಎಂದಳು. ಕಣ್ಣು ತುಂಬಿದ್ದವು.

ಅಂದು ನಾನು ಮೀನಮೇಷ ಎಣಿಸಲಿಲ್ಲ. ಮೀನನ್ನಷ್ಟೇ ಎಣಿಸಿಕೊಂಡು ಎದೆ ಸೆಟೆಸಿದೆ.

"ಬಸವನ ಬಾಗೇವಾಡಿ ಸಾಲ್ಯಾಗ ಒಂದ ಕೋಲ್ಯಾಗ ಮೂರು ಇಯತ್ತೆ ಹುಡುಗೂರ್ನ ಸಂಬಾಳಿಸಿದಾಂವ ನಾ. ಅವು ಒದರತಿದ್ವು. ಇವು ಬಾಯಿ ಬಿಟ್ರೂ ಸಪ್ಪಳ ಬರೂದಿಲ್ಲ. ಇದು ನನಗ ನೀರ ಕುಡದಷ್ಟ ಸಸಾರ."

"ಹಂಗಾರ ಕೇಳ್ರಿ. ಊಟ ಒಂದ ಚಿಟಿಕಿ. ವಾರಕ್ಕೊಮ್ಮೆ ಸ್ವಲ್ಪ ನೀರ ತಗದು ಸ್ವಲ್ಪ ಹೊಸಾದು ಹಾಕ್ರಿ. ಹುಲ್ಲಿಗೆ ಕೈ ಹಚ್ಚಬ್ಯಾಡ್ರಿ. ಸಿಹಿನೀರಿನ ಮೀನ್ರಿ ಇವು, ಭಾಳ ತ್ರಾಸ ಕೊಡೂದಿಲ್ಲ."

ಉಳಿದ ಮಾತೆಲ್ಲ ಗಾಳಿಗೆ ಹೋಯಿತು. ಒಂದು ಶಬ್ದ ಮಾತ್ರ ನನ್ನ ಕಿವಿಯಲ್ಲಿ ಕೂತಿತು: ಸಿಹಿನೀರು. ಸಿಹಿಯಾದ ನೀರು, ಸಿಹಿನೀರು, ಕರ್ಮಧಾರಯ ಸಮಾಸ. ಇಡೀ ಸೇವಾವಧಿಯಲ್ಲಿ ಸಮಾಸ ಬಿಡಿಸಿದ ನನಗೆ ಇದರಲ್ಲಿ ಸಂಶಯವೆಲ್ಲಿಯದು?

ನಮ್ಮ ಕಡೆಯ ಮನೆಗಳಲ್ಲಿ ನೀರಿಗೆ ಎರಡು ಜಾತಿ. ಬೋರಿನಿಂದ ಅಂಗಳದ ತೊಟ್ಟಿಗೆ ಬೀಳುವುದು ಸವಳು ನೀರು. ಪಾತ್ರೆ ತೊಳೆಯಲು, ಬಟ್ಟೆ ಒಗೆಯಲು. ಅದು ಹರಿದಲ್ಲೆಲ್ಲ ಬಿಳಿಯ ಕಲೆ. ಬೇಳೆ ಹಾಕಿದರೆ ಬೇಯದೆ ಹಟ ಹಿಡಿಯುತ್ತದೆ. ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ಹೊತ್ತು ತರುವುದು ಸಿಹಿನೀರು. ಕುಡಿಯಲು, ಚಹಾಕ್ಕೆ, ಬೀಗರು ಬಂದಾಗ. ಸುನೀತಾ ಮೀನಿಗೆ ಯಾವುದು ಬೇಕೆಂದು ಬಾಯಿಬಿಟ್ಟು ಹೇಳಿ ಹೋಗಿದ್ದಳು. ನಾನು ಅಂದೇ ಪೆಟ್ಟಿಗೆಯ ಹಳೆಯ ನೀರನ್ನೆಲ್ಲ ಹೊರಚೆಲ್ಲಿ ಘಟಕದ ನೀರು ತುಂಬಿದೆ. ದಿನವೂ ಸ್ಕೂಟರಿನ ಮುಂದೆ ಕ್ಯಾನು ಇಟ್ಟುಕೊಂಡು ಹೋಗುವುದು, ತರುವುದು, ಸುರಿಯುವುದು. ಭಗೀರಥನಿಗಾದರೂ ಒಂದೇ ಸಲದ ಕೆಲಸ.

"ಮದುವ್ಯಾಗಿ ಈ ಮನಿಗೆ ಬಂದಾಗ ನನಗ ಸವಳು ನೀರ ಕುಡಿಸಿದ್ರಿ" ಎಂದಳು ಗುಂಡವ್ವ, ಖಾಲಿ ಕ್ಯಾನನ್ನು ತಲೆಕೆಳಗು ಮಾಡಿ ತೋರಿಸುತ್ತ. "ಈಗ ಮೀನಿಗೆ ಘಟಕದ ನೀರು. ಚಾಕ್ಕ ಏನ ಹಾಕಲಿ?"

"ನೀ ಸಿಹಿನೀರಿನ ಜಾತಿ ಅಂತ ನಿಮ್ಮಪ್ಪ ಹೇಳಿರಲಿಲ್ಲ" ಎಂದೆ.

ಆ ದಿನ ಮಧ್ಯಾಹ್ನದ ಚಹಾ ಬರಲಿಲ್ಲ.

ನೀರು ಬದಲಾದ ಮೇಲೆ ಹುಲ್ಲಿನ ಎಲೆಗಳು ಹಳದಿಯಾದವು. ಸುನೀತಾ ಕೈ ಹಚ್ಚಬೇಡಿರೆಂದಿದ್ದಳು, ನಿಜ. ಆದರೆ ಸಾಲಿನಲ್ಲಿ ನಿಲ್ಲದವರನ್ನು ಕಂಡರೆ ಮಾಸ್ತರನ ಕೈ ಸುಮ್ಮನಿರುತ್ತದೆಯೇ? ವಾಲಿದವನ್ನೆಲ್ಲ ಕಿತ್ತು ಅಂಗಳದ ತೊಟ್ಟಿಗೆ ಎಸೆದೆ. ಪೆಟ್ಟಿಗೆ ಪರೀಕ್ಷೆಯ ಕೊಠಡಿಯಂತೆ ಚೊಕ್ಕಟವಾಯಿತು.

ಎರಡು ವಾರ ಕಳೆಯುವಷ್ಟರಲ್ಲಿ ಕಾಡಿಗಿ ಕುಣಿಯತೊಡಗಿದಳು.

ಅತಿಶಯೋಕ್ತಿಯಲ್ಲ. ಮುಂದೆ ಹೋಗದೆ, ಹಿಂದೆ ಬಾರದೆ, ನಿಂತ ನೀರಿನಲ್ಲಿ ನಿಂತಲ್ಲೇ ಮೈಯನ್ನು ಎಡಕ್ಕೂ ಬಲಕ್ಕೂ ಬಳುಕಿಸುತ್ತಿದ್ದಳು. ಘಟಕದ ನೀರಿನ ಸುಖಕ್ಕೆ ಬಂದ ಆನಂದನರ್ತನವೆಂದು ನನಗೆ ಖಾತ್ರಿಯಾಯಿತು. ನೆರೆಮನೆಯ ಯುನೂಸರನ್ನು ಕರೆತಂದೆ. ಅವರೂ ನನ್ನಂತೆ ನಿವೃತ್ತರು, ಚಿತ್ರಕಲೆಯ ಮಾಸ್ತರರು.

"ಏನ ಸಿದ್ರಾಮ ಮಾಸ್ತರ, ಮನ್ಯಾಗ ನಾಟಕ ಕಂಪನಿ ಇಟ್ಟೀರಂತ?" ಎನ್ನುತ್ತಲೇ ಬಂದು, ಕನ್ನಡಕ ಏರಿಸಿ, ಬಹಳ ಹೊತ್ತು ನೋಡಿದರು. "ತಾಳ ತಪ್ಪೂದಿಲ್ಲ ನೋಡ್ರಿ. ಒಂದ ಕಡೆ ನಿಂತು ಕುಣಿಯೂದು ಭಾಳ ಕಠಿಣ. ಕಲಾವಿದೆ ಬಿಡ್ರಿ ಇಕಿ."

ಆ ಹೊತ್ತಿಗೆ ಸರಿಯಾಗಿ ತಾಳಿಕೋಟೆಯಿಂದ ಫೋನು ಬಂತು.

"ಕಾಡಿಗಿ ಹೆಂಗದಾಳ್ರಿ ಕಾಕಾರ?"

"ಕುಣ್ಯಾಕತ್ತಾಳ" ಎಂದೆ ಹೆಮ್ಮೆಯಿಂದ.

"ಕುಣ್ಯಾಕತ್ತಾಳ?" ಅವಳ ದನಿ ಸಣ್ಣಗಾಯಿತು. "ಹೆಂಗ ಕುಣ್ಯಾಕತ್ತಾಳ್ರಿ? ನಿಂತಲ್ಲೇ..."

ಅಷ್ಟರಲ್ಲಿ ಗುಂಡವ್ವ ಒಳಗಿನಿಂದ ಬಂದು ಪೆಟ್ಟಿಗೆಯತ್ತ ಒಮ್ಮೆ ನೋಡಿದವಳೇ ಫೋನು ಕಸಿದುಕೊಂಡು, "ಎಲ್ಲಾ ಆರಾಮ ಐತವ್ವ, ನೀ ಆರಾಮ ಇರು, ಕೈಯಾಗ ಹಿಟ್ಟೈತಿ" ಎಂದು ಕೆಳಗಿಟ್ಟಳು. ಕೈಯಲ್ಲಿ ಹಿಟ್ಟಿರಲಿಲ್ಲ.

"ಬಸುರಿ ಹೆಂಗಸಿಗೆ ಇಂಥಾದ್ದೆಲ್ಲಾ ಹೇಳ್ತಾರೇನ್ರಿ? ಕುಣ್ಯಾಕತ್ತಿಲ್ಲ ಅದು, ನಡಗಾಕತ್ತೈತಿ. ಈ ನಡಗಾ ನಾ ಎಷ್ಟ ಮಂದೀದು ನೋಡೀನಿ. ಹೆರಿಗಿ ಬ್ಯಾನಿ ಸುರು ಆಗ್ಯಾವ."

ನಮ್ಮ ಓಣಿಯಲ್ಲಿ ಬಾಣಂತನವೆಂದರೆ ಗುಂಡವ್ವ. ಅವಳು ನೀರೆರೆದ ಕೂಸುಗಳು ಇಂದು ತಾವೇ ಕೂಸುಗಳನ್ನು ಎತ್ತಿಕೊಂಡು ತಿರುಗುತ್ತಿವೆ. ಅಂಥವಳು ಸೆರಗು ಸಿಕ್ಕಿಸಿದ ಮೇಲೆ ಎದುರಾಡುವವರಾರು? ಕಿಟಕಿ ಮುಚ್ಚಿದಳು, ಗಾಳಿ ತಾಗಬಾರದೆಂದು. ಪೆಟ್ಟಿಗೆಯ ಸುತ್ತ ಕೌದಿ ಹೊದಿಸಿದಳು. ನಿಂಬೆಹಣ್ಣು ನಿವಾಳಿಸಿ ಮೂರು ದಾರಿ ಕೂಡಿದಲ್ಲಿ ಒಗೆದು ಬಂದಳು.

"ಗಂಡಸೂರು ಹೊರಗ ನಡೀರಿ."

"ನಮ್ಮ ಪಡಸಾಲಿ ಇದು" ಎಂದೆ.

"ಈಗ ಬಾಣಂತಿ ಕೋಲಿ. ನಡೀರಿ."

ಯುನೂಸರು ಚಪ್ಪಲಿಯನ್ನು ಕೈಯಲ್ಲಿ ಹಿಡಿದೇ ಓಡಿದರು.

ನಾನೂ ಹೊರಗೇ ಇದ್ದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ತವರುಮನೆಯ ಯಜಮಾನನಾಗಿ ನನ್ನದೂ ಒಂದು ಕರ್ತವ್ಯವಿರಬೇಡವೇ? ಸುನೀತಾಳಿಗೆ ಕಳಿಸಲೆಂದು ಗುಂಡವ್ವ ಅಂಟಿನುಂಡಿ ಕಟ್ಟಿಟ್ಟಿದ್ದಳು. ಅಂಟು, ಕೊಬ್ಬರಿ, ಬೆಲ್ಲ, ಬಾಯಲ್ಲಿಟ್ಟರೆ ಇಳಿಯುವಷ್ಟು ತುಪ್ಪ. ಬಾಣಂತಿಗೆ ಶಕ್ತಿ ಬೇಕು. ಸಿಹಿನೀರಿನ ಮೀನು ಸಿಹಿಯನ್ನು ಒಲ್ಲೆನ್ನುವುದುಂಟೇ? ಗುಂಡವ್ವ ಹಿತ್ತಲಿಗೆ ಹೋದ ಗಳಿಗೆ ನೋಡಿ, ಕೌದಿ ಸರಿಸಿ, ಒಂದು ಉಂಡೆಯನ್ನು ಮುರಿದು ಒಳಗೆ ಬಿಟ್ಟೆ.

ನೋಡನೋಡುತ್ತ ನೀರು ಅಂಬಲಿಯಾಯಿತು. ಮೇಲೆ ತುಪ್ಪದ ಕಣ್ಣುಗಳು. ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆಯತೊಡಗಿದವು. ಕಾಡಿಗಿ ಒಂದು ಮಗ್ಗುಲಿಗೆ ವಾಲಿದ್ದಳು.

"ಏನ ಹಾಕಿದ್ರಿ?" ಎಂದು ಕೇಳಿದಳು ಗುಂಡವ್ವ. ನನ್ನ ಬೆರಳಿಗೆ ಅಂಟಿದ್ದ ಕೊಬ್ಬರಿಯೇ ಉತ್ತರ ಹೇಳಿತು.

ಕ್ಯಾನು ಎತ್ತಿಕೊಂಡು ಘಟಕಕ್ಕೆ ಓಡಿದೆ. ಕರೆಂಟಿಲ್ಲ, ಘಟಕ ಬಂದಾಗಿತ್ತು. ನೆರೆಯವರ ಮನೆಯಲ್ಲೂ ಬಿಂದಿಗೆಯ ತಳ ಕಾಣುತ್ತಿತ್ತು. ಖಾಲಿ ಕ್ಯಾನಿನೊಡನೆ ತಿರುಗುವಾಗ ಕಣ್ಣ ಮುಂದೆ ಇದ್ದದ್ದು ಒಂದೇ ಮುಖ: ಬಾಗಿಲಲ್ಲಿ ನಿಂತು "ಇರ್ತಾಳಲ್ರಿ" ಎಂದವಳ ಮುಖ. ಕೂಸನ್ನು ಎತ್ತಿಕೊಂಡು ಬಂದು ಅವಳು ಮೊದಲು ನೋಡುವುದು ಈ ಪೆಟ್ಟಿಗೆಯನ್ನೇ. ಆಗ ನಾನು ಯಾವ ಸಮಾಸ ಬಿಡಿಸಲಿ?

ಮನೆಗೆ ಬಂದರೆ, ಗುಂಡವ್ವ ಪೆಟ್ಟಿಗೆಯ ಅಂಬಲಿಯನ್ನು ತಂಬಿಗೆಯಿಂದ ಬಕೆಟ್ಟಿಗೆ ಮೊಗೆಯುತ್ತಿದ್ದಳು. ಪ್ರತಿ ತಂಬಿಗೆಗೂ ಬದಲಾಗಿ ಅಂಗಳದ ತೊಟ್ಟಿಯ ನೀರು ಹಾಕುತ್ತಿದ್ದಳು.

"ಹುಚ್ಚಿ, ಸವಳು ನೀರದು. ಸತ್ತಹೋಗ್ತಾವ" ಎಂದು ಕೂಗಿದೆ.

"ನಾ ಇಷ್ಟ ವರ್ಷ ಕುಡದು ಸತ್ತೇನೇನ್ರಿ?"

ಪೆಟ್ಟಿಗೆಯ ನೀರನ್ನೂ ನನ್ನ ನೀರನ್ನೂ ಅವಳು ಒಟ್ಟಿಗೇ ಇಳಿಸಿದಳು. ನಾನು ತೊಟ್ಟಿಯ ಕಟ್ಟೆಯ ಮೇಲೆ ಕುಳಿತೆ. ಅವಳ ಸೊಂಟ ಹಿಡಿಯುತ್ತಿತ್ತು, ಆದ್ದರಿಂದ ನಾಲ್ಕು ತಂಬಿಗೆ ಹಾಕಿ ಕೂರುವಳು, ಮತ್ತೆ ಏಳುವಳು. ಕೆಲಸ ಸಂಜೆಯವರೆಗೂ ನಡೆಯಿತು.

ಬೆಳಗ್ಗೆ ಹೆದರುತ್ತಲೇ ಕೌದಿ ಎತ್ತಿದೆ. ಕಾಡಿಗಿ ನೆಟ್ಟಗೆ ನಿಂತಿದ್ದಳು. ನಡುಕವಿರಲಿಲ್ಲ. ನನ್ನನ್ನು ಕಂಡು ಗಾಜಿಗೆ ಮೂತಿ ಹಚ್ಚಿ ತಿಂಡಿ ಕೇಳಿದಳು. ಮೂಲೆಯಲ್ಲಿ ಎಳ್ಳಿನ ಕಾಳಿಗೆ ಬಾಲ ಬಂದಂತೆ ಕಪ್ಪು ಮರಿಗಳು ಪುಟಿಯುತ್ತಿದ್ದವು. ಎಣಿಸಲು ಬಾಗಿದೆ. ಅಷ್ಟರಲ್ಲಿ ಕಾಡಿಗಿ ತಿರುಗಿ ಒಂದು ಮರಿಯ ಹಿಂದೆ ಬಾಯಿ ತೆರೆದು ಹೊರಟಳು.

"ಹೆತ್ತತಾಯಿ ಮಕ್ಕಳನ್ನ ತಿನ್ನಾಕತ್ತಾಳ" ಎಂದು ಗಾಬರಿಯಿಂದ ಕೂಗಿದೆ.

"ಹುಲ್ಲಿದ್ರ ಅಡಗಿಕೊಂತಿದ್ವು. ಹುಲ್ಲ ಎಲ್ಲೈತಿ?"

ಹುಲ್ಲು ತೊಟ್ಟಿಯಲ್ಲಿತ್ತು. ನಾನು ದಂಡಿಸಿ ಹೊರಹಾಕಿದ ಆ ಹಳದಿ ಎಲೆಗಳು ಸವಳು ನೀರಿನಲ್ಲಿ ಹೊಸ ಚಿಗುರು ಬಿಟ್ಟು ಹಸಿರು ಜಡೆಯಂತೆ ಹರಡಿದ್ದವು. ಗುಂಡವ್ವ ಚಹಾ ಸೋಸುವ ಜರಡಿಯಿಂದ ಮರಿಗಳನ್ನು ಒಂದೊಂದಾಗಿ ಎತ್ತಿ ಅಲ್ಲಿಗೆ ಬಿಟ್ಟಳು. ಹುಲ್ಲಿನೊಳಗೆ ನುಗ್ಗಿದವು, ಕಾಣದಾದವು, ಆಮೇಲೆ ಇಣುಕಿದವು.

ಅಂದೇ ಮಧ್ಯಾಹ್ನ ತಾಳಿಕೋಟೆಯಿಂದ ಅಮಿತನ ಫೋನು ಬಂತು. ಹೆಣ್ಣುಕೂಸು, ತಾಯಿ ಮಗಳು ಇಬ್ಬರೂ ಸುಖ. ನಾಲ್ಕಾರು ದಿನದ ಮೇಲೆ ಸುನೀತಾಳೇ ಮಾತಾಡಿದಳು. ಆಗ ನಾನು ನಡೆದದ್ದನ್ನೆಲ್ಲ, ಅಂಟಿನುಂಡಿಯೊಂದನ್ನು ಬಿಟ್ಟು, ಹೇಳಿದೆ. ಆ ಕಡೆಯಿಂದ ಬಹಳ ಹೊತ್ತು ನಗುವೇ ಕೇಳಿಸಿತು.

"ಕಾಕಾರ, ಮೋಲಿಗೆ ಗಡಸು ನೀರ ಬೇಕ್ರಿ. ಘಟಕದ ನೀರಾಗ ಸುಣ್ಣ, ಖನಿಜ ಎಲ್ಲಾ ಸೋಸಿ ಹೋಗಿರ್ತಾವ. ಅದ್ರಾಗ ಅವು ಹಂಗ ನಡಗತಾವ. ನಾ ಮ್ಯಾಲಿನ ನಳದ ಸವಳು ನೀರ ಹಾಕತಿದ್ನಿ. ಇಲ್ಲೀ ನೀರಿಗೆ ಬಾಳತಾವ ಅಂತನ ಹುಡುಕಿ ಮೋಲೀನ ತಂದೀನ್ರಿ."

"ಮತ್ತ ನೀನ ಸಿಹಿನೀರು ಅಂದಿದ್ದೆಲ್ಲವ್ವ?"

"ಸಮುದ್ರದ್ದಲ್ಲ ಅಂತ ಅಂದಿದ್ನಿರಿ. ಕೆರಿ, ಹೊಳಿ, ಬಾವಿ ಎಲ್ಲಾ ಸಿಹಿನೀರ. ನಮ್ಮ ಬೋರೂ ಸೈತ."

ಕರ್ಮಧಾರಯವಲ್ಲ, ಬರಿಯ ರೂಢಿ. ಫೋನಿನ ಈ ಕಡೆ ಗುಂಡವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. "ಏನಂದ್ಲು?" ಎಂದು ಕೇಳಿದಳು. "ಆರೋಗ್ಯ ವಿಚಾರಿಸಿದಳು" ಎಂದೆ. ಗುಂಡವ್ವ ಫೋನು ಇಸಿದುಕೊಂಡು ಎಲ್ಲವನ್ನೂ ಮತ್ತೊಮ್ಮೆ ಹೇಳಿಸಿಕೊಂಡಳು. ಅಂಟಿನುಂಡಿಯ ಸಂಗತಿಯನ್ನು ತಾನೇ ಸೇರಿಸಿದಳು.

ಈಗ ಸುನೀತಾ ಮಗಳೊಡನೆ ಮರಳಿ ಬಂದಿದ್ದಾಳೆ, ಕೆಲಸಕ್ಕೂ ಹಾಜರಾಗಿದ್ದಾಳೆ. ಕಾಡಿಗಿಯ ಮಕ್ಕಳಲ್ಲಿ ಅರ್ಧ ಅವಳ ಶಾಲೆಯ ಪ್ರಯೋಗಶಾಲೆಗೆ ಹೋಗಿವೆ. ಅವುಗಳ ಮುಂದೆ ಮಕ್ಕಳನ್ನು ಕೂರಿಸಿ ಊರಿನ ನೀರಿನ ಪಾಠ ಮಾಡುತ್ತಾಳಂತೆ. ದಿನವೂ ಬೆಳಗ್ಗೆ ಚೀಲ ಹೆಗಲಿಗೇರಿಸಿ ಮಾಳಿಗೆಯಿಂದ ಇಳಿಯುತ್ತಾಳೆ. ಕೂಸನ್ನು ನನ್ನ ತೊಡೆಯ ಮೇಲೆ ಮಲಗಿಸಿ, ಹಾಲಿನ ಬಾಟಲಿಯನ್ನು ಮಾತ್ರ ಒಳಗೆ ಒಯ್ದು ಗುಂಡವ್ವನ ಕೈಯಲ್ಲಿ ಕೊಡುತ್ತಾಳೆ. ಹೊಸ್ತಿಲು ದಾಟುವಾಗ ಒಮ್ಮೆ ತಿರುಗಿ ನೋಡಿ, ಬಹಳ ಮರ್ಯಾದೆಯಿಂದ ಹೇಳುತ್ತಾಳೆ:

"ಕಾಕಾರ, ಕೂಸಿಗೆ ಏನರೆ ಕುಡಸೂ ಮೊದಲ ಕಾಕೀನ್ನ ಒಂದ ಮಾತ ಕೇಳ್ರಿ."